ಚಾಚಿ ಊರಲ್ಲಿಲ್ಲದ ದಿನ

ಅವ್ವ ನನ್ನನ್ನು ಹೊಡೆಯುವ ಮೊದಲು ಹಿತ್ತಲ ಬಾಗಿಲು ತೆರೆಯುತ್ತಿದ್ದಳು. ಸವಣೂರಿನ ನಮ್ಮ ಓಣಿಯಲ್ಲಿ, ಆ ಬಾಗಿಲಿನಾಚೆಗೇ ನಾವು ಚಾಚಿ ಎಂದು ಕರೆಯುತ್ತಿದ್ದ ನೆರೆಯಾಕೆಯ ಮನೆ. ಅವ್ವ ಒಂದು ಕೈಯಲ್ಲಿ ನನ್ನ ರಟ್ಟೆ ಹಿಡಿದು, ಇನ್ನೊಂದನ್ನು ಮೇಲೆತ್ತಿ, ಚಾಚಿಯ ಗೋಡೆಗೆ ಮುಖ ಮಾಡಿ ಕೂಗುತ್ತಿದ್ದಳು: "ಇವತ್ತ ಯಾರು ಬಂದ್ರೂ ಬಿಡಂಗಿಲ್ಲ ನಿನ್ನ!"

ಚಾಚಿ ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬರುತ್ತಿದ್ದರು. "ಬಿಡ್ರಿ ಅಕ್ಕಾ, ಕೂಸೈತಿ!"

"ನೀವು ಬಂದ್ರಿ ಅಂತ ಬಿಟ್ಟೆ. ಇಲ್ಲಂದ್ರ ಇವನ ತೊಗಲ ಸುಲೀತಿದ್ದೆ."

ಆಮೇಲೆ ಇಬ್ಬರೂ ಚಹಾ ಕುಡಿಯುತ್ತಿದ್ದರು. ಚಾಚಿಯ ಕೈ ಹಿಟ್ಟಿನಲ್ಲಿದ್ದು ತಡವಾದರೆ ಮಾತ್ರ ಅಷ್ಟರಲ್ಲಿ ಎರಡು ಬಿದ್ದಿರುತ್ತಿದ್ದವು. ರೊಟ್ಟಿ ಬಡಿದು ಪಳಗಿದ ಕೈ ಅವ್ವನದು. ಸಂಜೆತನಕ ಬೆನ್ನು ಉರಿಯುತ್ತಿತ್ತು.

ಒಮ್ಮೆ ಉಪ್ಪಿನಕಾಯಿ ಭರಣಿಯಲ್ಲಿ ಗೋಲಿ ಬಚ್ಚಿಟ್ಟಿದ್ದೆ. ಅವ್ವನ ಕೈ ಮೇಲೇರಿತು. ಕೂಗಿದಳು. ಯಾರೂ ಬರಲಿಲ್ಲ. ಇನ್ನೂ ಜೋರಾಗಿ ಕೂಗಿದಳು.

"ಅವ್ವಾ, ಚಾಚಿ ಹಾನಗಲ್ಲಿಗೆ ಮದಿವಿಗೆ ಹೋಗ್ಯಾರ."

"ಮೊದ್ಲ ಹೇಳಾಕ ಏನಾಗಿತ್ತು ನಿನಗ?"

ಎತ್ತಿದ ಕೈಯನ್ನು ಸುಮ್ಮನೆ ಇಳಿಸಿದರೆ ಮರ್ಯಾದೆ ಏನಾದೀತು? ಅವ್ವ ಅದೇ ಕೈಯಿಂದ ಹಗ್ಗದ ಮೇಲಿನ ಟವೆಲ್ಲು ಎಳೆದು ಮುಖ ಒರೆಸಿಕೊಂಡಳು. "ಅವ್ರು ಬರ್ಲಿ, ಆಮ್ಯಾಲ ಐತಿ ನಿನಗ."

ಚಾಚಿ ಊರಿಗೆ ಮರಳಿ ಚೀಲ ಇಳಿಸುವ ಮೊದಲೇ ಅವ್ವ ನನ್ನ ರಟ್ಟೆ ಹಿಡಿದಳು.

"ಬಿಡ್ರಿ ಅಕ್ಕಾ! ಏನ್ ಮಾಡ್ಯಾನ?"

ಅವ್ವ ನನ್ನ ಕಡೆ ತಿರುಗಿದಳು. "ಏನ್ ಮಾಡಿದ್ಯೋ?"

ಈಗ ನಾವಿರುವುದು ಶಿಗ್ಗಾಂವಿಯಲ್ಲಿ. ಮನೆ ಸುತ್ತ ಕಂಪೌಂಡು, ಗೇಟಿಗೆ ಚಿಲಕ. ಹೆತ್ತವರು ಮಕ್ಕಳನ್ನು ಹೊಡೆಯದಂತೆ ಕಾನೂನು ಮಾಡಬೇಕೇ ಎಂದು ಮೊನ್ನೆ ಟಿವಿಯಲ್ಲಿ ಜಗಳ ನಡೆದಿತ್ತು. ಅವ್ವ ಶೇಂಗಾ ಸುಲಿಯುತ್ತ ಅಂದಳು: "ಕಾನೂನಿಗೆ ನಮ್ಮ ಹಿತ್ತಲ ಬಾಗಿಲ ಎಲ್ಲೈತಿ ಅಂತ ಗೊತ್ತೈತೇನು?"

ನಾನೂ ನಕ್ಕೆ.

ಅಷ್ಟರಲ್ಲಿ ಮಗಳು ನನ್ನ ಫೋನು ಈಜುತ್ತದೋ ಇಲ್ಲವೋ ನೋಡಲು ಅದನ್ನು ಮಜ್ಜಿಗೆಯ ಪಾತ್ರೆಗೆ ಬಿಟ್ಟಳು. ನನ್ನ ಕೈ ಮೇಲೇರಿತು. ಅವಳು ಕಣ್ಣು ಮುಚ್ಚಿ ಹೆಗಲು ಕುಗ್ಗಿಸಿದಳು. ನನಗರಿವಿಲ್ಲದೆ ನಾನು ಹಿತ್ತಲ ಕಡೆ ನೋಡಿದೆ. ಬಾಗಿಲು ಮುಚ್ಚಿತ್ತು. ಪಕ್ಕದ ಮನೆಯವರ ಹೆಸರು ಸಹ ನನಗೆ ಗೊತ್ತಿಲ್ಲ.

"ಬಿಡ್ರಿ, ಕೂಸೈತಿ!"

ಅವ್ವ! ಹೆತ್ತ ಮಗನಿಗೆ ಅವಳು ಬಹುವಚನ ಹಚ್ಚಿದ್ದು ಅದೇ ಮೊದಲು. ದನಿ ಥೇಟು ಚಾಚಿಯದು.

"ನೀವು ಬಂದ್ರಿ ಅಂತ ಬಿಟ್ಟೆ" ಎಂದು ಕೈ ಇಳಿಸಿದೆ. ಮಗಳು ಒಂದು ಕಣ್ಣು ತೆರೆದಳು.

ಕಾನೂನು ಬರಲಿ ಎಂಬುದೇ ಈಗ ನನ್ನ ಮತ. ಅವ್ವ ಮಧ್ಯಾಹ್ನ ಒಮ್ಮೆ ಮಲಗಿದಳೆಂದರೆ ಚಹಾದ ಹೊತ್ತಿನತನಕ ಏಳುವುದಿಲ್ಲ.