ಅಂಕಪಟ್ಟಿ ವಾಪಸು ಕೇಳಿದ್ದು

ಶಿಕಾರಿಪುರಕ್ಕೆ ಬಂದ ಮರುದಿನವೇ ಮನೆಯೊಡತಿ ನೀಲಮ್ಮ ನನ್ನ ಕೋಣೆಯ ಬಾಗಿಲಿಗೆ ಬಂದು, ಹಿಂದಿನ ಸಂಜೆ ತಾವೇ ಕೊಟ್ಟಿದ್ದ ಸಕ್ಕರೆಯನ್ನು ವಾಪಸು ಕೇಳಿದರು. ನಗುನಗುತ್ತಲೇ ಕೇಳಿದರು. “ನಿನ್ನೆ ಒಂದ್ ಬಟ್ಲ ಸಕ್ರಿ ಒಯ್ದಿದ್ಯಲ್ಲವ್ವ, ಅಂಗಡಿಗೆ ಹೋದಾಗ ನೆನಪಿಟ್ಟು ತಂದು ಹಾಕು” ಎಂದು ಹೇಳಿ, ಏನೂ ಆಗದವರಂತೆ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದರು. ನನಗೆ ಕೆನ್ನೆಗೆ ಹೊಡೆದಂತಾಯಿತು. ಬಾಗಿಲು ಹಾಕಿಕೊಂಡು ಅತ್ತೆ. ಒಂದು ಬಟ್ಟಲು ಸಕ್ಕರೆಗೆ ಅಳುವುದೇ ಎಂದು ಈಗ ನಗು ಬರುತ್ತದೆ, ಆದರೆ ಅವತ್ತು ಅತ್ತದ್ದು ನಿಜ.

ನಮ್ಮಲ್ಲಿ, ಅಂದರೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಗುಡ್ಡದ ಬುಡದಲ್ಲಿರುವ ನಮ್ಮ ಹಳ್ಳಿಯಲ್ಲಿ, ಕೊಟ್ಟದ್ದನ್ನು ಬಾಯಿಬಿಟ್ಟು ಕೇಳುವ ವಾಡಿಕೆ ಇಲ್ಲ. ಪಕ್ಕದ ಮನೆಯವರು ಒಯ್ದ ಹಾರೆ ಎರಡು ಮಳೆಗಾಲ ಕಳೆದರೂ ಬರದಿದ್ದರೆ ಅಪ್ಪ ಪೇಟೆಯಿಂದ ಹೊಸ ಹಾರೆ ತರುತ್ತಾನೆ. ಕೇಳಿದರೆ ನಾಚಿಕೆ ಒಯ್ದವರಿಗಲ್ಲ, ನಮಗೆ. ನಾನು ಹುಟ್ಟಿದಾಗಿನಿಂದ ಉಂಡುಟ್ಟ ಮರ್ಯಾದೆ ಇದು.

ಸೊರಬದಲ್ಲಿ ಬಸ್ಸು ಹತ್ತಿದರೆ ಶಿರಾಳಕೊಪ್ಪದ ಮೇಲೆ ಹಾದು ಒಂದು ನಿದ್ದೆ ಮುಗಿಯುವುದರೊಳಗೆ ಶಿಕಾರಿಪುರ. ಇದನ್ನೂ ವಲಸೆ ಅನ್ನುತ್ತಾಳಲ್ಲ ಎಂದು ಊರಿನವರು ನಗಬಹುದು. ನಗಲಿ. ಗುಡ್ಡಗಳೆಲ್ಲ ಹಿಂದೆ ಉಳಿದು ಎದುರಿಗೆ ಬರೀ ಬಯಲು ಕಂಡಾಗ ಮೈಮೇಲಿನ ಹೊದಿಕೆ ಯಾರೋ ಎಳೆದಂತೆ ಅನ್ನಿಸಿತ್ತು. ನಮ್ಮ ‘ದುಡ್ಡು’ ಇಲ್ಲಿ ‘ರೊಕ್ಕ’, ನಮ್ಮ ‘ಬೇಗ’ ಇಲ್ಲಿ ‘ಲಗೂನ’. ನಾನು “ಎಂತ?” ಅಂದರೆ ತರಗತಿಯ ಹುಡುಗಿಯರು ಕಿಸಕ್ಕನೆ ನಗುತ್ತಿದ್ದರು. ಗಂಜಿ ಉಂಡು ಬೆಳೆದ ಹೊಟ್ಟೆಗೆ ಜೋಳದ ರೊಟ್ಟಿ ಒಗ್ಗಲು ಸಮಯ ಬೇಕಾಯಿತು. ಭಾನುವಾರ ಬಂದರೆ ಹೊತ್ತು ಹೋಗುತ್ತಿರಲಿಲ್ಲ. ಅಂಜನಾಪುರ ಅಣೆಕಟ್ಟೆಯ ನೀರು ಹರಿಯುವ ಕಾಲುವೆಯ ದಂಡೆಯ ಮೇಲೆ ಕೂತು, ಬಟ್ಟೆ ಒಗೆಯುವ ಹೆಂಗಸರ ಮಾತು ಕೇಳುತ್ತಿದ್ದೆ. ಸುಮ್ಮನೆ ಕೇಳಿಸಿಕೊಂಡೇ ಇಲ್ಲಿಯ ಮಾತು ಕಲಿತದ್ದು. ಕಿರಾಣಿ ಅಂಗಡಿಯಲ್ಲಿ ಮೊದಲ ಸಲ “ತೂಕ ಸರಿ ಮಾಡ್ರೀ” ಎಂದು ಗಟ್ಟಿಯಾಗಿ ಹೇಳಿ ಬಂದ ದಿನ ನೀಲಮ್ಮ ಬೆನ್ನು ತಟ್ಟಿದರು.

ನಾನು ಬಂದದ್ದು ಎರಡು ವರ್ಷದ ಶಿಕ್ಷಕರ ತರಬೇತಿಗೆ. ತೊಂಬತ್ತರ ದಶಕದ ನಡುವಿನ ಮಾತು. ಮೇಷ್ಟ್ರಾಗುವ ಆಸೆ ಎಲ್ಲರಿಗೂ ಹತ್ತಿತ್ತು, ಮಳೆ ಬಿದ್ದ ಮೇಲೆ ಅಣಬೆ ಎದ್ದಂತೆ ಖಾಸಗಿ ಸಂಸ್ಥೆಗಳು ಎದ್ದಿದ್ದವು. ನಾನು ಸೇರಿದ ಸಂಸ್ಥೆಯೂ ಅಂಥದ್ದೇ, ಹೆಸರು ಬೇಡ. ಕೆಳಗೆ ಗೊಬ್ಬರದ ಅಂಗಡಿ, ಮೇಲೆ ನಮ್ಮ ತರಗತಿ. “ಸರ್ಕಾರದ ಅನುಮತಿ ನಾಗರಪಂಚಮಿ ಒಳಗ ಬಂದೇ ಬರ್ತೈತಿ” ಎಂದು ಕಾರ್ಯದರ್ಶಿಗಳು ಅಪ್ಪನ ಎದುರಿಗೇ ಹೇಳಿದ್ದರು. ಭತ್ತ ಮಾರಿದ ದುಡ್ಡಿನಲ್ಲಿ ಅಪ್ಪ ಇಡೀ ವರ್ಷದ ಶುಲ್ಕ ಕಟ್ಟಿದ. ನನ್ನ ಪಿಯುಸಿಯ ಅಸಲು ಅಂಕಪಟ್ಟಿ, ಟಿ.ಸಿ. ಎರಡನ್ನೂ ಅವರು ತೆಗೆದಿಟ್ಟುಕೊಂಡರು. ಪಂಚಮಿ ಕಳೆಯಿತು, ಅನುಮತಿ ಬರಲಿಲ್ಲ. ಅನುಮತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಶಿಕಾರಿಪುರದ ಸರ್ಕಾರಿ ಕಾಲೇಜಿನಲ್ಲಿ ಬಿ.ಎ.ಗೆ ದಂಡ ಕಟ್ಟಿ ಸೇರಲು ಶನಿವಾರ ಮಧ್ಯಾಹ್ನದವರೆಗೆ ಅವಕಾಶವಿತ್ತು. ಅಲ್ಲಿಯ ಮೇಷ್ಟ್ರೊಬ್ಬರು ನನ್ನ ಕಥೆ ಕೇಳಿ, “ಅಂಕಪಟ್ಟಿ ನಿನ್ನ ಸ್ವತ್ತು ಕಣಮ್ಮ. ಕಾಲೇಜು ಬಿಡ್ತೀನಿ ಅಂದ್ರೆ ಅದನ್ನ ಹಿಡಿದಿಟ್ಕೊಳ್ಳೋ ಹಕ್ಕು ಯಾರಿಗೂ ಇಲ್ಲ. ಆದ್ರೆ ಅದು ಇಲ್ದೆ ನಾವು ಸೇರಿಸ್ಕೊಳ್ಳೋಕೂ ಬರಲ್ಲ” ಎಂದರು. ಹಕ್ಕು ಎಂಬ ಪದವನ್ನು ಅದುವರೆಗೆ ಜಮೀನಿನ ವಿಷಯಕ್ಕಷ್ಟೇ ಕೇಳಿದ್ದೆ. ನನ್ನದೆನ್ನುವುದೂ ಒಂದು ಇದೆಯೆಂದು ಮೈ ಜುಮ್ಮೆಂದಿತು. ಅದೇ ಧೈರ್ಯದಲ್ಲಿ ಕಾರ್ಯದರ್ಶಿಗಳ ಹತ್ತಿರ ಹೋದೆ. ಅವರು ತಲೆ ಎತ್ತಲಿಲ್ಲ. “ನೀ ಹೋದ್ರ ಸೀಟು ಖಾಲಿ. ಎರಡ್ನೇ ವರ್ಷದ ಫೀಜೂ ಕಟ್ಟಿ ಒಯ್ಯಿ” ಎಂದರು.

ಈ ವರ್ಷ ತಪ್ಪಿದರೆ ಮನೆಗೆ ಹೋಗಿ ಕೂರಬೇಕು. ಒಂದು ವರ್ಷ ಅಂತ ಮನೆಯಲ್ಲಿ ಕೂತ ನಮ್ಮಕ್ಕ ಮತ್ತೆ ಪುಸ್ತಕ ಮುಟ್ಟಲಿಲ್ಲ. ಎಸ್‌ಟಿಡಿ ಬೂತಿನಿಂದ ಊರಿನ ಅಂಗಡಿಗೆ ಫೋನು ಮಾಡಿ ಅಪ್ಪನಿಗೆ ಹೇಳಿ ಕಳಿಸಿದೆ.

ಅಪ್ಪ ಶನಿವಾರ ಮೊದಲ ಬಸ್ಸಿಗೆ ಬಂದಿಳಿದ. ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಮುಖದಲ್ಲಿ ತಪ್ಪು ಮಾಡಿದವನ ಕಳೆ. ದಾರಿಯಲ್ಲಿ ಅವನ ಲೆಕ್ಕಾಚಾರ ಹೇಳಿದ.

“ನಾವು ಕೊಟ್ಟಿದ್ದು ಸಂಚಕಾರ ಇದ್ದಂಗೆ. ಬಿಟ್ಟು ಹೋಗೂರು ನಾವು. ಯಾವ ಮುಖ ಇಟ್ಕಂಡು ಕೇಳೂದು? ಕೈಕಾಲು ಹಿಡ್ದು ಕಾಗ್ದ ತಗಂಡು ಬರಾಣ.”

ಸಂಚಕಾರವೆಂದರೆ ದನಕ್ಕೋ ಗದ್ದೆಗೋ ವ್ಯಾಪಾರ ಕುದುರಿದಾಗ ಕೊಡುವ ಮುಂಗಡ. ಕೊಳ್ಳುವವನು ಹಿಂದೆ ಸರಿದರೆ ಅದನ್ನು ಬಿಡಬೇಕು. ಮಾರುವವನೇ ಮಾತು ತಪ್ಪಿದರೆ ಅವನು ವಾಪಸು ಕೊಡಬೇಕು. ಅಪ್ಪನಿಗೆ ಗೊತ್ತಿದ್ದ ಕಾನೂನು ಅದೊಂದೇ, ಅದನ್ನು ಅವನು ಒಮ್ಮೆಯೂ ಮೀರಿದವನಲ್ಲ. ನಾನು ಏನೋ ಹೇಳಬೇಕೆಂದುಕೊಳ್ಳುವಷ್ಟರಲ್ಲಿ ಮೆಟ್ಟಿಲು ಹತ್ತಿ ಆಗಿತ್ತು.

ಕಾರ್ಯದರ್ಶಿಗಳು ಕುರ್ಚಿ ತೋರಿಸಿದರು. ಅಪ್ಪ ಕೂರಲಿಲ್ಲ. ಕೈ ಜೋಡಿಸಿ, “ತಪ್ಪು ನಮ್ದೇ ಸ್ವಾಮಿ. ಮಾತು ಕೊಟ್ಟು ಬಿಡೂದು ಸರಿ ಅಲ್ಲ. ದುಡ್ಡಿನ ಮಾತು ನಾನು ಎತ್ತೂದಿಲ್ಲ. ಹುಡ್ಗೀ ಕಾಗ್ದ ಒಂದು ಕೊಟ್ಬಿಡಿ” ಎಂದ.

ಅವರಿಗೆ ಅಷ್ಟೇ ಬೇಕಾಗಿತ್ತು. “ನೋಡ್ರೀ ಯಜಮಾನ್ರೇ, ನೀವ ಒಪ್ಕೊಂಡ್ರಿ. ಮಾತು ತಪ್ಪಿದೋರು ನೀವು ಅಂದ ಮ್ಯಾಲ ನಮಗಾದ ನಷ್ಟ ಯಾರು ತುಂಬಬೇಕು? ಎರಡ್ನೇ ವರ್ಷದ್ದು ಕಟ್ಟ್ರಿ, ಈಗಿಂದೀಗ ಕೊಡ್ತೀನಿ.”

ಅಪ್ಪ ನೆಲ ನೋಡಿದ. ಅವನು ಟವೆಲಿನ ತುದಿ ಹಿಂಡುತ್ತಿದ್ದ. ಇನ್ನೊಂದು ಭತ್ತದ ಬೆಳೆಯನ್ನು ಮನಸ್ಸಿನಲ್ಲೇ ಮಾರುತ್ತಿದ್ದಾನೆಂದು ನನಗೆ ಗೊತ್ತಾಯಿತು. ಅವನು ಹೂಂ ಅಂದರೆ ಮುಗಿಯಿತು, ಒಮ್ಮೆ ಹೂಂ ಅಂದದ್ದನ್ನು ಅವನು ಎಂದೂ ಮುರಿಯುವವನಲ್ಲ. ಗೋಡೆಯ ಗಡಿಯಾರದ ಮುಳ್ಳು ಹನ್ನೆರಡರತ್ತ ಸರಿಯುತ್ತಿತ್ತು. ಹೊರಗಿನ ಪಡಸಾಲೆಯಲ್ಲಿ ಮಕ್ಕಳನ್ನು ಸೇರಿಸಲು ಬಂದ ಇಬ್ಬರು ಹಳ್ಳಿಯವರು ಕೂತಿದ್ದರು.

ನಾನು ಬಾಯಿ ತೆರೆದೆ. ಬಂದದ್ದು ನಮ್ಮ ಮನೆಯ ಮಾತಲ್ಲ.

“ಅನುಮತಿ ಬಂದೈತೇನ್ರೀ ಸರ್?”

“ಬರ್ತೈತಿ.”

“ಬಂದೈತೋ ಇಲ್ಲೋ ಅಷ್ಟು ಹೇಳ್ರೀ.”

“ಏಯ್ ಹುಡುಗಿ, ದೊಡ್ಡೋರು ಮಾತಾಡೋ ಮುಂದ...”

“ಪಂಚಮಿ ಒಳಗ ಬರ್ತೈತಿ ಅಂತ ನೀವ ಹೇಳಿದ್ರಿ. ಬಂದಿಲ್ಲ. ಮಾತು ತಪ್ಪಿದೋರು ನೀವು. ನನ್ನ ಅಂಕಪಟ್ಟಿ ನನ್ನದು, ಇಟ್ಕೊಳ್ಳೋ ಹಕ್ಕು ನಿಮಗಿಲ್ಲ. ಕೊಡ್ರೀ.” ಅಪ್ಪನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಹೇಳಿದೆ. “ಅಪ್ಪ, ಹಿಂದೆ ಸರಿದವ್ರು ನಾವಲ್ಲ. ಮಾರೂರೇ ಹಿಂದೆ ಸರಿದ್ರೆ ಸಂಚಕಾರ ಎಂತ ಮಾಡ್ಬೇಕು?”

ಅಪ್ಪ ಕುರ್ಚಿ ಎಳೆದು ಕೂತ. “ಹೌದಲ್ಲ ಸ್ವಾಮಿ. ಅನುಮತಿ ಬರ್ಲಿಲ್ವಾ?” ಎಂದು ಬಹಳ ಮೆಲ್ಲಗೆ, ನಿಜಕ್ಕೂ ತಿಳಿಯಬೇಕೆಂಬಂತೆ ಕೇಳಿದ. ಕಾರ್ಯದರ್ಶಿಗಳು ಕಡತ ತಿರುವತೊಡಗಿದಾಗ ಮತ್ತೆ ಅದನ್ನೇ ಕೇಳಿದ. ಪಡಸಾಲೆಯಲ್ಲಿ ಕೂತಿದ್ದ ಇಬ್ಬರೂ ಎದ್ದು ಬಾಗಿಲಿಗೆ ಬಂದು ನಿಂತರು. ಅವರಲ್ಲೊಬ್ಬ, “ಅನುಮತಿ ಇಲ್ಲೇನ್ರೀ ಇದಕ್ಕ?” ಎಂದ.

ಕಾರ್ಯದರ್ಶಿಗಳು ಗಂಟೆ ಒತ್ತಿದರು. ಗುಮಾಸ್ತ ನನ್ನ ಕಾಗದಗಳನ್ನು ತಂದು ಮೇಜಿನ ಮೇಲೆ ಹಾಕಿದ. “ಫೀಜಿನ ವಿಷ್ಯ ಮುಂದ ನೋಡೋಣ, ಮೊದಲು ಇಲ್ಲಿಂದ ನಡೀರಿ” ಎಂದರು ಕಾರ್ಯದರ್ಶಿಗಳು. ನಾನು ಓಡಿದೆ. ಬಿಸಿಲಲ್ಲಿ ಅಪ್ಪ ಹಿಂದೆ ಉಳಿದ. ಸರ್ಕಾರಿ ಕಾಲೇಜಿನ ಕಿಟಕಿ ಮುಚ್ಚುವ ಮುಂಚೆ ನನ್ನ ಹೆಸರು ಬರೆಸಿ ಆಯಿತು. ಅಲ್ಲೇ ಕಟ್ಟೆಯ ಮೇಲೆ ಕೂತು, ನೀರು ಕೇಳುವ ತ್ರಾಣವೂ ಇಲ್ಲದೆ ಏದುಸಿರು ಬಿಟ್ಟೆ.

ಆಮೇಲೆ ಸೋಮವಾರ ಬಂತೆಂದರೆ ಆ ಮೆಟ್ಟಿಲು ಹತ್ತಿ ಶುಲ್ಕ ಕೇಳುವುದು ನನ್ನ ವ್ರತವಾಯಿತು. ನನ್ನನ್ನು ಕಂಡರೆ ಗುಮಾಸ್ತ ಕಣ್ಣು ತಪ್ಪಿಸುತ್ತಿದ್ದ. ದೀಪಾವಳಿಯ ಹೊತ್ತಿಗೆ ಅರ್ಧ ಬಂತು, ಉಳಿದರ್ಧ ಬರಲೇ ಇಲ್ಲ. ಬಂದದ್ದನ್ನು ಹಿಡಿದುಕೊಂಡು, ಗೆದ್ದ ಜಂಬದಲ್ಲೇ ಊರಿಗೆ ಹೋದೆ.

ಅಪ್ಪ ನೋಟು ಮುಟ್ಟಲಿಲ್ಲ. “ನಾನು ಅವತ್ತೇ ಬಿಟ್ಟಾಗಿತ್ತು ಅದನ್ನ. ಕೇಳಿ ತಂದವ್ಳು ನೀನು. ನಿಂದೇ ಅದು.”

“ನಿನ್ನ ಭತ್ತದ ದುಡ್ಡಲ್ವ ಅಪ್ಪ?”

“ಅವತ್ತು ನೀನು ಆ ಮನುಷ್ಯನ ಹತ್ರ ಮಾತಾಡ್ತಾ ಇದ್ಯಲ್ಲ, ಪಕ್ಕದಲ್ಲೇ ನಿಂತಿದ್ರೂ ಯಾರ ಮನೆ ಹುಡ್ಗಿಯೋ ಅನ್ನಿಸ್ತು. ಚಲೋ ಮಾತಾಡ್ದೆ. ಆದ್ರೆ ನಮ್ಮನೆದು ಅಂತ ಅನ್ನಿಸ್ಲಿಲ್ಲ ಮಾರಾಯ್ತಿ.” ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಸ್ವಲ್ಪ ಹೊತ್ತಾದ ಮೇಲೆ, ಬಂದ ನೆಂಟರನ್ನು ಕೇಳುವಂತೆ ಕೇಳಿದ. “ಮತ್ತೆ ಹೊರಡೂದು ಯಾವಾಗ?”

ಬಿ.ಎ. ಮುಗಿಸಿದವಳು ಇವತ್ತಿಗೂ ಶಿಕಾರಿಪುರದಲ್ಲೇ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅದೇ ನೀಲಮ್ಮನ ಮನೆ, ಅದೇ ಕೋಣೆ. ರೊಟ್ಟಿ ಬಡಿಯಲು ಬರುತ್ತದೆ, ಜಗಳವೂ ಬರುತ್ತದೆ. ಆದರೂ ಹಬ್ಬ ಹತ್ತಿರ ಬಂತೆಂದರೆ ನೀಲಮ್ಮ ಪ್ರೀತಿಯಿಂದಲೇ ಕೇಳುತ್ತಾರೆ, “ನಿಮ್ಮೂರಿಗೆ ಯಾವಾಗ ಹೊಂಟಿ?” ಊರಿಗೆ ಹೋಗಿ ಚೀಲ ಇಳಿಸಿದರೆ ಅಪ್ಪನೂ ಅದನ್ನೇ ಕೇಳುತ್ತಾನೆ. ನಾನು ಇಬ್ಬರಿಗೂ ಹೊರಡುವ ದಿನ ಹೇಳುತ್ತೇನೆ.