ಖಾಲಿ ಜಾಗದ ಹೊಸಿಲು

ಕೈಗೆಟಕುವ ಬೆಲೆಯ ಮನೆಗಳಿಗಾಗಿ ಸಾರಕ್ಕಿಯಲ್ಲಿ ನಾವು ಬಾಡಿಗೆದಾರರು ಕಟ್ಟಿಕೊಂಡಿದ್ದ ಸಂಘಕ್ಕೆ ಟೈಲರಮ್ಮನೇ ಮುಂದಾಳು. ಸಭೆಗಳೆಲ್ಲ ಅವರ ಒಂದೇ ಕೋಣೆಯ ಮನೆಯಲ್ಲಿ. ಯಾರು ಬಂದರೂ ಹೊಲಿಗೆಯಿಂದ ತಲೆಯೆತ್ತದೆ, "ಚಪ್ಪಲಿ ಆಚೆ ಬಿಟ್ಟು ಬನ್ನಿ" ಎನ್ನುತ್ತಿದ್ದರು. ಬಾಡಿಗೆ ಏರಿದಂತೆಲ್ಲ ಅವರ ಮನೆ ಬದಲಾಯಿತು. ಆ ಮಾತು ಬದಲಾಗಲಿಲ್ಲ.

ಬಡವರ ಮನೆಗಳಿಗೆಂದು ಬಿಟ್ಟಿದ್ದ ಖಾಲಿ ಜಾಗದಲ್ಲಿ ಪಾರ್ಕಿಂಗ್ ಬರುತ್ತದೆಂದು ತಿಳಿದಾಗ ಅವರು ಘೋಷಣೆ ಕೂಗಲಿಲ್ಲ. ಬೆಳಿಗ್ಗೆ ನಮ್ಮನ್ನು ಅಲ್ಲಿಗೆ ಕರೆದೊಯ್ದು, ಬರಿ ನೆಲದ ಮೇಲೆ ರಂಗೋಲಿಪುಡಿಯಲ್ಲಿ ಹೊಸಿಲು ಬರೆದು, ಅದರೊಳಗೆ ಒಲೆ ಹೂಡಿ ಹಾಲುಕ್ಕಿಸಿದರು.

ನಮ್ಮನ್ನು ಎಬ್ಬಿಸಲು ಬಂದ ಅಧಿಕಾರಿ, "ಏನಮ್ಮಾ ಇದೆಲ್ಲ?" ಎಂದರು.

"ಗೃಹಪ್ರವೇಶ ಸಾರ್. ಹಾಲು ಕುಡ್ಕೊಂಡು ಹೋಗಿ. ಚಪ್ಪಲಿ ಆಚೆ ಬಿಟ್ಟು ಬನ್ನಿ."

"ಮನೆ ಎಲ್ಲಮ್ಮಾ ಇದೆ ಇಲ್ಲಿ?" ಎಂದು ಕೇಳುತ್ತಲೇ ಅಧಿಕಾರಿ ಬಗ್ಗಿ ಶೂ ಲೇಸು ಬಿಚ್ಚುತ್ತಿದ್ದರು.