ಹನ್ನೆರಡನೆಯ ಸಾಲು

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ನಾನು ಏಳನೆಯ ತರಗತಿಗೆ ಕೈಮುಗಿದು ಶಾಲೆ ಬಿಟ್ಟಾಗ, ವಿದ್ಯೆಯ ಗುರುತಾಗಿ ನನ್ನ ಬಳಿ ಉಳಿದದ್ದು ಒಂದು ಪಾಟಿ. ಒಂದನೆಯ ತರಗತಿಯಲ್ಲಿ ಅಪ್ಪ ಕೊಡಿಸಿದ್ದ, ಮೂಲೆ ಒಡೆದ, ಮರದ ಚೌಕಟ್ಟಿನ ಪಾಟಿ. ಅದರ ಮೇಲೆ ಬರೆದ ಅಕ್ಷರಗಳನ್ನೆಲ್ಲ ಉಗುಳು ಹಚ್ಚಿ ಆಗಿಂದಾಗಲೇ ಒರೆಸಿದ್ದೇನೆ. ಚೌಕಟ್ಟಿನ ಮೇಲೆ ಮೊಳೆಯಿಂದ ಕೊರೆದ ನನ್ನ ಹೆಸರು ಮಾತ್ರ ಇಂದಿಗೂ ಇದೆ. ನಾನು ಕೆತ್ತಿದ ಮೊದಲ ಹೆಸರು ಅದು. ಆಮೇಲೆ ನಾನು ಮಾಡಿದ್ದೆಲ್ಲ ಅದರ ಮುಂದುವರಿಕೆಯೇ ಎಂದು ನನ್ನ ಹೆಂಡತಿ ಶಾಂತಮ್ಮನ ಅಭಿಪ್ರಾಯ.

ಹಿಟ್ನಾಳದ ಹೆದ್ದಾರಿಯ ಬದಿಗೆ ತಗಡಿನ ನೆರಳೊಂದನ್ನು ಕಟ್ಟಿಕೊಂಡು ಕಲ್ಲಿನ ಮೇಲೆ ಅಕ್ಷರ ಕೆತ್ತುವವನು ನಾನು. ಶಾಲೆಯ ಕೋಣೆಯಿರಲಿ, ಬಸ್ ನಿಲ್ದಾಣವಿರಲಿ, ನೀರಿನ ಟಾಕಿಯಿರಲಿ, ಉದ್ಘಾಟನೆ ಎಂದ ಮೇಲೆ ಒಂದು ಕಲ್ಲು ಬೇಕು, ಕಲ್ಲೆಂದ ಮೇಲೆ ಹೆಸರು ಬೇಕು, ಹೆಸರೆಂದ ಮೇಲೆ ಅದು ಪಕ್ಕದವನ ಹೆಸರಿಗಿಂತ ಒಂದು ನೂಲಾದರೂ ದೊಡ್ಡದಿರಬೇಕು. ಹೀಗಾಗಿ ಮನುಷ್ಯರ ದೊಡ್ಡಸ್ತಿಕೆಯನ್ನು ಇಂಚುಪಟ್ಟಿಯಿಂದ ಅಳೆಯುವ ಭಾಗ್ಯ ನನ್ನದು. ಮುಖ್ಯ ಅತಿಥಿಗೆ ಎರಡು ಇಂಚು, ಅಧ್ಯಕ್ಷರಿಗೆ ಒಂದೂವರೆ, ಉಳಿದವರಿಗೆ ಒಂದು, ಗುತ್ತಿಗೆದಾರನಿಗೆ ಮುಕ್ಕಾಲು. ಒಮ್ಮೆ ಒಬ್ಬ ಪಂಚಾಯಿತಿ ಸದಸ್ಯರು ಸ್ವಂತ ಟೇಪನ್ನೇ ತಂದು, ತಮ್ಮ ಎದುರಾಳಿಯ ಹೆಸರಿನ ತಲೆಕಟ್ಟನ್ನೂ ಬಿಡದೆ ಅಳೆದು ಹೋದರು. ಅವರು ಹೋದ ಮೇಲೆ ನಾನು ಬಹಳ ಹೊತ್ತು ನಕ್ಕೆ. ಪ್ರತಿ ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವ ಕ್ರೈಸ್ತ ನಾನು. ದೀನತೆ ಎಂದರೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಅದು ಬೇರೆಯವರಲ್ಲಿ ಎಷ್ಟು ಕಡಿಮೆಯಿದೆ ಎನ್ನುವುದಂತೂ ಇನ್ನೂ ಚೆನ್ನಾಗಿ ಗೊತ್ತಿತ್ತು. ಕೊಪ್ಪಳದಲ್ಲಿ ಈಗ ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸಿ, ಮರಳು ಊದಿ ಕಲ್ಲು ಕೊರೆಯುವ ಅಂಗಡಿಗಳಾಗಿವೆ. ನಾನು ಇಂದಿಗೂ ಚಾಣಕ್ಕೆ ಸುತ್ತಿಗೆ ಬಡಿದೇ ಕೆತ್ತುತ್ತೇನೆ. ಪದವೀಧರರು ಬರೆದುಕೊಟ್ಟ ಚೀಟಿಯ ಕಾಗುಣಿತವನ್ನು ಏಳನೆಯ ತರಗತಿಯ ನಾನು ತಿದ್ದಿಯೇ ಕೆತ್ತುತ್ತೇನೆ; ತಿದ್ದಿದ್ದನ್ನು ಅವರಿಗೆ ತಿಳಿಸಿಯೂ ತಿಳಿಸುತ್ತೇನೆ.

ಹೀಗಿರಲು ನಮ್ಮ ಸಭೆಯ ಪ್ರಾರ್ಥನಾ ಮಂದಿರ ಹೊಸದಾಗಿ ಎದ್ದು ನಿಂತಿತು. ಒಬ್ಬರು ಮರಳು ತಂದರು, ಒಬ್ಬರು ಬಾಗಿಲು ಕೊಟ್ಟರು, ನಾನು ನೆಲಕ್ಕೆಲ್ಲ ಕಲ್ಲು ಹಾಸಿ ಕೂಲಿ ಮುಟ್ಟಲಿಲ್ಲ. ಒಂದು ಭಾನುವಾರ ಪಾಸ್ಟರ್ ಹನ್ನೆರಡು ಹೆಸರು ಬರೆದ ಚೀಟಿಯನ್ನು ನನ್ನ ಕೈಗಿಟ್ಟು ಕಲ್ಲು ಕೆತ್ತಲು ಹೇಳಿದರು, ಹನ್ನೆರಡನೆಯದು ನನ್ನದು. ಅದೇ ಭಾನುವಾರ ಅವರು, ತನ್ನನ್ನು ತಾನು ನಿರಾಕರಿಸಿಕೊಳ್ಳದೆ ಕ್ರಿಸ್ತನ ಹಿಂದೆ ನಡೆಯಲಾಗದು ಎಂಬುದರ ಮೇಲೆ ಮನ ಕರಗುವಂತೆ ಪ್ರಸಂಗ ಮಾಡಿದ್ದರು. ನನ್ನ ಮನಸ್ಸು ಕರಗಿತು. ಕುಷ್ಟಗಿ ಕಡೆಯ ಕೆಂಪು ಕಲ್ಲನ್ನು ಎದುರಿಗಿಟ್ಟುಕೊಂಡು, ನನ್ನ ಹೆಸರನ್ನು ಬಿಟ್ಟುಬಿಡುವುದೆಂದು ನಿಶ್ಚಯಿಸಿದೆ.

ಗೆಳೆಯರೇ, ಬಿಡುವುದು ಕಷ್ಟವೇನಲ್ಲ. ಹನ್ನೊಂದು ಸಾಲುಗಳನ್ನು ತುಸು ದೂರದೂರ ಹಾಕಿದ್ದರೆ ಕಲ್ಲು ತುಂಬುತ್ತಿತ್ತು, ಹನ್ನೆರಡನೆಯವನು ಇದ್ದನೆಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಹನ್ನೆರಡು ಸಾಲು ಗೆರೆ ಹೊಡೆದು ಹನ್ನೊಂದನ್ನು ಕೆತ್ತಿದೆ. ಬುತ್ತಿ ತಂದ ಶಾಂತಮ್ಮ ಕಲ್ಲನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು.

"ಇದೇನ್ರಿ, ಕೆಳಗ ಖಾಲಿ?"

"ಅದು ನಂದು. ನನ್ನ ಹೆಸರು ಬ್ಯಾಡ ಅಂತ ಬಿಟ್ಟೀನಿ."

"ಬ್ಯಾಡಂದ್ರ ಹನ್ನೊಂದ ಸಾಲು ಹಾಕಿದ್ರ ಮುಗೀತಿತ್ತಲ್ಲ. ಹೆಸರು ಹಾಕಿದ್ರ ಒಂದು ಇಂಚು ಕಾಣತಿದ್ರಿ. ಈಗ ಊರಗಲ ಕಾಣತೀರಿ."

ಹೆಂಗಸರಿಗೆ ವಿನ್ಯಾಸ ತಿಳಿಯದೆಂದು ಬುತ್ತಿ ಬಿಚ್ಚಿದೆ. ಆದರೆ ಅವಳ ಮಾತು ಸುಳ್ಳಾಗಲಿಲ್ಲ. ಕಲ್ಲು ಗೋಡೆಗೇರಿದ ದಿನದಿಂದ ಹನ್ನೊಂದು ಹೆಸರುಗಳನ್ನು ಓದಿದವರು ಕಡಿಮೆ, ಕೆತ್ತದೆ ಬಿಟ್ಟ ಜಾಗವನ್ನು ತೋರಿಸಿ ಕೇಳಿದವರೇ ಹೆಚ್ಚು. ನಾನು ತಲೆ ತಗ್ಗಿಸಿ, ದನಿಯನ್ನೂ ತಗ್ಗಿಸಿ, "ಅಲ್ಲಿ ನನ್ನ ಹೆಸರಿತ್ರಿ, ನಾನs ಬ್ಯಾಡಂದೆ" ಎನ್ನುತ್ತಿದ್ದೆ. ಯಲಬುರ್ಗಾ ಕಡೆಯಿಂದ ಬಂದ ಅತಿಥಿ ಪ್ರಸಂಗಿಗಳು ಹೆಸರು ಹೇಳದೆ ನನ್ನ ದೃಷ್ಟಾಂತ ಕೊಟ್ಟಾಗ, ಸಭೆಯೆಲ್ಲ ತಿರುಗಿ ನನ್ನತ್ತ ನೋಡಿತು; ನಾನು ಕುತ್ತಿಗೆಯನ್ನು ಎಷ್ಟು ಬಾಗಿಸಬೇಕೋ ಅಷ್ಟೇ ಬಾಗಿಸಿದೆ. ಅಷ್ಟರಲ್ಲಾಗಲೇ ಅದು ರೂಢಿಯಾಗಿತ್ತು.

ಆಗ ಬಂದರು ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರು. ಅವರೊಂದು ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದರು. ಅದರ ಮುಂಬಾಗಿಲಿಗೆ ಆಳೆತ್ತರದ ಕಲ್ಲು ಬೇಕಾಗಿತ್ತು. ಅಷ್ಟು ದೊಡ್ಡ ಕೆಲಸ ನನ್ನ ಆಯುಷ್ಯದಲ್ಲಿ ನನ್ನ ಕೈಗೆ ಬಂದಿರಲಿಲ್ಲ. ಅವರ ಗುಮಾಸ್ತ ನಮ್ಮ ಸಭೆಯವನು. ಅವನ ಮಗಳ ಮದುವೆಗೆ ಬಂದಾಗ ಸಾಹುಕಾರರು ಮಂದಿರದ ಕಲ್ಲನ್ನು ನೋಡಿ ನನಗೇ ಕೆಲಸ ಒಪ್ಪಿಸುವುದೆಂದು ಮಾತಾಗಿತ್ತು. ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಾನು ಕಲ್ಲಿನಿಂದ ಎರಡು ಮಾರು ದೂರದಲ್ಲಿ, ಏನೂ ಅರಿಯದವನಂತೆ ನಿಂತೆ. ಸಾಹುಕಾರರಿಗೆ ನನ್ನ ಮುಖದ ಪರಿಚಯವಿರಲಿಲ್ಲ. ಕಲ್ಲಿನ ಮುಂದೆ ಮಂದಿರದ ಕಸ ಗುಡಿಸುವ ರಾಹೇಲಮ್ಮ, ಮದುವೆಯ ದಿನವೆಂದು ಒದ್ದೆ ಅರಿವೆಯಿಂದ ಅದನ್ನು ಒರೆಸುತ್ತಿದ್ದಳು. ಲಾಡಿನ ತಾಟು ಹಿಡಿದ ಶಾಂತಮ್ಮ ಬಾಗಿಲಲ್ಲಿದ್ದಳು.

ಸಾಹುಕಾರರು ಕನ್ನಡಕ ಸರಿಮಾಡಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. "ಅಕ್ಷರ ಭಾಳ ಛಲೋ ಅದಾವು," ಎಂದರು. ನನ್ನೆದೆ ಅಂಗಿಯ ಗುಂಡಿಗಳನ್ನು ಒತ್ತಿತು. "ಆದ್ರ ಕೊನಿಗೆ ನೋಡ್ರಿ, ಅಂದಾಜು ತಪ್ಪ್ಯಾನ. ಒಂದು ಸಾಲು ಉಳದೈತಿ. ಕೈ ಐತಿ, ಲೆಕ್ಕ ಇಲ್ಲ. ಸಾಲಿ ಕಲ್ತಾಂವಲ್ಲ ಕಾಣತೈತಿ."

ರಾಹೇಲಮ್ಮ ತಿರುಗಿ ನೋಡಿ, "ಅಗಾ, ಕೆತ್ತಿದಾಂವ ಅಲ್ಲೇ ನಿಂತಾನಲ್ರಿ, ಅವನ್ನs ಕೇಳ್ರಿ" ಎಂದು ನನ್ನತ್ತ ಬೆರಳು ಮಾಡಿದಳು.

"ಏನ್ ಮೇಸ್ತ್ರಿ, ಅಂದಾಜು ತಪ್ಪಿತೇನು?"

ಉತ್ತರ ನನ್ನ ನಾಲಗೆಯ ತುದಿಯಲ್ಲಿ ಹೊಳಪು ಕೊಟ್ಟ ಕಲ್ಲಿನಂತೆ ಸಿದ್ಧವಾಗಿತ್ತು. ಎಷ್ಟು ಜನರಿಗೆ ಹೇಳಿದ್ದೆನೋ! ಅದನ್ನೊಮ್ಮೆ ಹೇಳಿಬಿಟ್ಟರೆ ಕೆಲಸವೂ ಸಿಗುತ್ತಿತ್ತು, ಕೆಲಸದ ಜೊತೆಗೆ ಗೌರವವೂ. ಆದರೆ ಆ ಕ್ಷಣದಲ್ಲಿ ನನಗೊಂದು ಮಾತು ಹೊಳೆಯಿತು: ಇಷ್ಟು ತಿಂಗಳು ನಾನು ಕಲ್ಲಿನಿಂದ ಹೆಸರು ತೆಗೆದು ಜನರ ಬಾಯಿಯಲ್ಲಿ ಕೆತ್ತುತ್ತ ಬಂದಿದ್ದೆ, ಅದೂ ಎರಡಿಂಚಿನ ಅಕ್ಷರಗಳಲ್ಲಿ. ಟೇಪು ತಂದಿದ್ದ ಆ ಸದಸ್ಯರಾದರೂ ಹಗಲುಹೊತ್ತು ಎಲ್ಲರೆದುರು ಅಳೆದಿದ್ದರು. ಬಿಟ್ಟುಕೊಡುವುದೇ ಆದರೆ ಬಿಡಲು ನನ್ನಲ್ಲಿದ್ದ ನಿಜವಾದ ಆಸ್ತಿ ಹೆಸರಲ್ಲ, ಕೈಗುಣ. ಇಂವ ಕೆಲಸ ಬಲ್ಲ ಎನ್ನುವ ಮಾತು.

"ಹೌದ್ರಿ ಸಾಹುಕಾರ್ರ," ಎಂದೆ. "ತಪ್ಪೈತ್ರಿ. ಏಳ್ನೇತ್ತಿಗೆ ಸಾಲಿ ಬಿಟ್ಟಾಂವ್ರಿ ನಾನು."

ಅದು ಪವಿತ್ರಾತ್ಮನ ಪ್ರೇರಣೆಯೋ, ಉದ್ದನೆಯ ಉತ್ತರ ಕೊಡಲು ಸಂಕೋಚವಾಯಿತೋ, ಆಣೆ ಮಾಡಿ ಹೇಳಲಾರೆ. ಸಾಹುಕಾರರು ಸಜ್ಜನರು, "ಇರ್ಲಿ ಬಿಡ್ರಿ, ಮನಷ್ಯಾ ಅಂದಮ್ಯಾಗ" ಎಂದು ಹೆಗಲು ತಟ್ಟಿ ಊಟಕ್ಕೆ ಹೋದರು. ಮಂಟಪದ ಕಲ್ಲು ಕೊಪ್ಪಳದ ಕಂಪ್ಯೂಟರ್ ಅಂಗಡಿಗೆ ಹೋಯಿತು. ಗಂಗಾವತಿಗೆ ಹೋದಾಗಲೆಲ್ಲ ಅದನ್ನು ನೋಡುತ್ತೇನೆ. ಕಟ್ಟಿಸಿದ ಹಲ್ಲಿನ ಸೆಟ್ಟಿನಂತೆ ಎಲ್ಲ ಅಕ್ಷರಗಳೂ ಒಂದೇ ಸಮ, ಜೀವವಿಲ್ಲ. ಕ್ಷಮಿಸಿ, ಇದನ್ನು ಹೇಳಬಾರದಿತ್ತು.

ಮದುವೆ ಮುಗಿಸಿ ಮನೆಗೆ ನಡೆಯುವಾಗ ಶಾಂತಮ್ಮ ಕೇಳಿದಳು, "ಇವತ್ತ ಭಾಳ ತಗ್ಗಿದ್ನಿ ಅಂತ ಅನ್ಕೊಂಡೀರೇನು?"

"ಛೇ, ಇಲ್ಲ."

"ಮತ್ತ ನಿಮ್ಮ ಚಪ್ಪಲಿ ಯಾಕ ನೆಲಾ ಮುಟ್ಟವಲ್ಲವು?"

ನಿಜವೇ. ಅರ್ಧ ಹಾದಿಯಲ್ಲೇ ನಾನು ನನ್ನ ಆ ಉತ್ತರವನ್ನು ಮೆಚ್ಚಿಕೊಳ್ಳತೊಡಗಿದ್ದೆ. ವಿನಯವೆಂಬುದು ನನ್ನಂಥವನ ಕೈಯಲ್ಲಿ ಚಾಣದ ಮೊನೆಯಂತೆ: ಹರಿತವಾಯಿತು ಎಂದು ಬೆರಳಿಟ್ಟು ನೋಡುವಷ್ಟರಲ್ಲಿ ಮೊಂಡಾಗಿರುತ್ತದೆ, ಮತ್ತೆ ಕುಲುಮೆಗೆ ಒಯ್ಯಬೇಕು.

ಮುಂದಿನ ಶನಿವಾರ ಬೆಳಿಗ್ಗೆ ಚಾಣ ಹಿಡಿದು ಮಂದಿರಕ್ಕೆ ಹೋದೆ. ಗೋಡೆ ಏಳುವಾಗ ಬೇಸಿಗೆಯಿಡೀ ಕೊಡ ಹೊತ್ತು ನೀರುಣಿಸಿದವಳು ರಾಹೇಲಮ್ಮ. ಅವಳ ಹೆಸರು ಚೀಟಿಯಲ್ಲಿರಲಿಲ್ಲ. ಖಾಲಿ ಸಾಲನ್ನು ಅಷ್ಟು ತಿಂಗಳು ದಿಟ್ಟಿಸಿದ ನನಗೆ ಅದು ಹೊಳೆದೂ ಇರಲಿಲ್ಲ. ಅಲ್ಲಿ ಅವಳ ಹೆಸರು ಕೆತ್ತಿದರೆ ನ್ಯಾಯವೂ ಆಗುತ್ತದೆ, ಮುಂದಿನ ಗಿರಾಕಿ ಬರುವುದರೊಳಗೆ ತಪ್ಪೂ ಮುಚ್ಚುತ್ತದೆ. ಯಾವುದು ಎಷ್ಟು ಪಾಲು ಎಂದು ಕೇಳಬೇಡಿ.

"ಏನ್ ಮಾಡಾಕ ಬಂದಿಯೋ?" ಎಂದಳು ಮುದುಕಿ.

"ನಿನ್ನ ಹೆಸರು ಹಾಕ್ತೀನಬೇ ಯಮ್ಮಾ."

"ಎಪ್ಪಾ, ಬ್ಯಾಡೋ ಮಾರಾಯಾ! ನಿನ್ನ ಹನ್ನೊಂದು ಸಾಲಿನಾಗ ಧೂಳು ಕುಂತು, ಕಡ್ಡಿ ಹಾಕಿ ಕೆದರಿ ಕೆದರಿ ನನ್ನ ಬೆರಳು ಸೋತಾವು. ಇದೊಂದs ಸಾಲು ನೋಡು, ಒಮ್ಮಿ ಅರಿವಿ ಎಳದ್ರ ಸ್ವಚ್ಛ. ಇದನ್ನರ ಉಳಸು."

ಚಾಣವನ್ನು ಚೀಲಕ್ಕೆ ಹಾಕಿಕೊಂಡು ಹಿಂದಿರುಗಿದೆ. ಅಂದಿನಿಂದ ಯಾರು ಕೇಳಿದರೂ ಅಂದಾಜು ತಪ್ಪಿತೆಂದೇ ಹೇಳುತ್ತೇನೆ. ಅದು ನನ್ನ ಉಪವಾಸ. ಇವತ್ತು ನಿಮ್ಮೆದುರು ಅದನ್ನೂ ಮುರಿದೆ. ಆ ಶನಿವಾರ ಮನೆಗೆ ಬಂದು ಗೂಟಕ್ಕೆ ತೂಗುಹಾಕಿದ್ದ ಹಳೆಯ ಪಾಟಿಯನ್ನು ಇಳಿಸಿ ಒದ್ದೆ ಅರಿವೆಯಿಂದ ಒರೆಸಿದೆ. ಪಾಟಿ ಒಂದೇ ಎಳೆತಕ್ಕೆ ಶುಭ್ರವಾಯಿತು. ಚೌಕಟ್ಟಿನ ಮೇಲಿನ ನನ್ನ ಹೆಸರಿಗೆ ಕಡ್ಡಿ ಬೇಕಾಯಿತು.

ಈಗ ನನ್ನ ಬಳಿ ಇರುವುದಿಷ್ಟು: ಹದಿನಾಲ್ಕು ಚಾಣ, ಮೂರು ಸುತ್ತಿಗೆ, ಗಿರಾಕಿಗಾಗಿ ಕಾದಿರುವ ಎರಡು ಕೆಂಪು ಕಲ್ಲು, ಹೊಗಳದ ಒಬ್ಬ ಹೆಂಡತಿ, ಮೂಲೆ ಒಡೆದ ಒಂದು ಪಾಟಿ, ಮತ್ತು ರಾಹೇಲಮ್ಮ ಒರೆಸುವ ಒಂದು ಖಾಲಿ ಸಾಲು.